ಹೊಲಕ್ಕೊಯ್ಯುವ ಒಲೆಪೆಟ್ಟಿಗೆ: ವಾಲ್ವಿನ ಸೋರಿಕೆ, ಬದಲಾದ ನಕ್ಷೆ

ಮಾರ್ಚ್ ಮೊದಲ ವಾರ

ಎಳ್ಳಮಾವಾಸ್ಯೆಯ ನಂತರ ಕೈಗೆತ್ತಿಕೊಂಡ ಒಲೆಪೆಟ್ಟಿಗೆಯ ಕೆಲಸ ಈ ವಾರ ಉರಿ ಹಚ್ಚಿ ನೋಡುವ ಹಂತಕ್ಕೆ ಬಂದಿದೆ. 5 ಕೆ.ಜಿ. ಸಿಲಿಂಡರ್, ಒಂದೇ ಬರ್ನರಿನ ಒಲೆ, ಚಹಾದ ಪಾತ್ರೆ, ಭಜ್ಜಿಯ ಬೋಗುಣಿ ಇವೆಲ್ಲ ಒಂದೇ ಪೆಟ್ಟಿಗೆಯಲ್ಲಿ ಕುಳಿತು, ಕಲಬುರಗಿಯ ಮನೆಯಿಂದ ತೊಗರಿ ಹೊಲದ ಬದುವಿನವರೆಗೆ ಟಂಟಂ ಗಾಡಿಯಲ್ಲಿ ಹೋಗಿ, ಇಳಿಸಿದ ಕೂಡಲೇ ಉರಿಯಬೇಕು ಎಂಬುದು ಉದ್ದೇಶ. ಚೌಕಟ್ಟು ಕಬ್ಬಿಣದ ಆ್ಯಂಗಲಿನದು, ಮೈ ಪ್ಲೈವುಡ್ಡಿನದು, ಒಲೆಯ ಕೆಳಗೆ ಮಾತ್ರ ತಗಡು. ಅಲ್ಲಿ ಶಹಾಬಾದ್ ಪರಸಿಯ ತುಂಡು ಹಾಕುವ ಆಲೋಚನೆ ಮೊದಲಿಗೆ ಇತ್ತು. ಅದು ಪದರು ಪದರಾದ ಸುಣ್ಣಕಲ್ಲಾದ್ದರಿಂದ ಜೋರು ಉರಿಗೆ ಚಕ್ಕೆ ಏಳುವ ಸಂಭವವಿದೆ, ಮೇಲಾಗಿ ಎತ್ತುವವರ ಸೊಂಟದ ಪ್ರಶ್ನೆಯೂ ಇದೆ, ಹಾಗಾಗಿ ಕೈಬಿಟ್ಟೆ.

ಉರಿ ನೀಲಿಯಾಗಿ, ಸಮವಾಗಿ ಬಂತು. ಆದರೆ ಒಲೆ ಆರಿಸಿ, ರೆಗ್ಯುಲೇಟರಿನ ಗುಂಡಿಯನ್ನು ಇನ್ನೂ ತಿರುಗಿಸದೆ ಪಾತ್ರೆ ಇಳಿಸುತ್ತಿದ್ದಾಗ ಪೆಟ್ಟಿಗೆಯ ಬುಡದಿಂದ ಗ್ಯಾಸಿನ ವಾಸನೆ ಬಂತು. ಎಲ್‌ಪಿಜಿಗೆ ಹೇಳಿಕೊಳ್ಳುವಂಥ ವಾಸನೆ ಇಲ್ಲ. ಸೋರಿದರೆ ಮೂಗಿಗೆ ತಿಳಿಯಲೆಂದೇ ಅದಕ್ಕೆ ಈಥೈಲ್ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ. ಗುಂಡಿ ಮುಚ್ಚಿ, ರೆಗ್ಯುಲೇಟರ್ ತೆಗೆದು, ಸಿಲಿಂಡರಿಗೆ ದಾರದಿಂದ ಕಟ್ಟಿರುವ ಬಿಳಿ ಮುಚ್ಚಳವನ್ನು ಒತ್ತಿ ಕೂರಿಸಿ, ಸಿಲಿಂಡರನ್ನು ಅಂಗಳದ ನೆರಳಿಗೆ ಒಯ್ದಿಟ್ಟೆ. ಆ ಹೊತ್ತಿನಲ್ಲಿ ಮನೆಯೊಳಗಿನ ಯಾವ ಸ್ವಿಚ್ಚನ್ನೂ ಹಾಕಬಾರದು, ಹಾಕಿದ್ದನ್ನು ಆರಿಸಲೂಬಾರದು ಎಂದು ಮನೆಯವರಿಗೆಲ್ಲ ಹೇಳಿದ್ದಾಯಿತು.

ಅದೇ ವಾರ, ಮರುದಿನಗಳು

ಸೋರಿಕೆ ಎಲ್ಲಿಂದ ಎಂಬುದು ಗೊತ್ತಾಗದೆ ಪರಿಹಾರದ ಮಾತೇ ಇಲ್ಲ, ಏಕೆಂದರೆ ಜಾಗ ಬದಲಾದಂತೆ ಪರಿಹಾರವೂ, ಅದನ್ನು ಮಾಡಬೇಕಾದವರೂ ಬದಲಾಗುತ್ತಾರೆ. ನಮ್ಮ ಸಿಲಿಂಡರಿನ ತಲೆಯ ಮೇಲಿರುವುದು ತಾನಾಗಿ ಮುಚ್ಚಿಕೊಳ್ಳುವ ಹಿತ್ತಾಳೆಯ ವಾಲ್ವ್. ಅದರ ಬಾಯೊಳಗೆ ನಡುವೆ ಒಂದು ಪಿನ್ ಇದೆ. ಕೆಳಗಿನ ಸ್ಪ್ರಿಂಗ್ ಆ ಪಿನ್ನನ್ನು ಮೇಲಕ್ಕೆ ತಳ್ಳಿ, ರಬ್ಬರಿನ ಪೀಠವೊಂದನ್ನು ಹಿತ್ತಾಳೆಗೆ ಒತ್ತಿ ಹಿಡಿದಿರುತ್ತದೆ. ರೆಗ್ಯುಲೇಟರನ್ನು ಕೂರಿಸಿ ಗುಂಡಿ ತಿರುಗಿಸಿದಾಗ ಅದರೊಳಗಿನ ಕಡ್ಡಿ ಪಿನ್ನನ್ನು ಕೆಳಕ್ಕೆ ಒತ್ತುತ್ತದೆ, ಗ್ಯಾಸ್ ಮೇಲೇರುತ್ತದೆ. ಹಾಗೆ ಏರಿದ ಗ್ಯಾಸ್ ರೆಗ್ಯುಲೇಟರಿನ ಮೂತಿಯ ಸುತ್ತಲಿನ ಸಂದಿಯಿಂದ ಹೊರಬೀಳದಂತೆ ತಡೆಯುವುದು ವಾಲ್ವಿನ ಬಾಯಿಯ ತೋಡಿನಲ್ಲಿ ಕುಳಿತಿರುವ ಕಪ್ಪು ರಬ್ಬರಿನ ಓ-ರಿಂಗ್. ನಮ್ಮ ಕಡೆ ಎಲ್ಲರೂ ಇದನ್ನು ವಾಷರ್ ಎಂದೇ ಕರೆಯುತ್ತಾರೆ.

ಇದರಿಂದ ಮೂರು ಸಾಧ್ಯತೆಗಳು ಉಳಿಯುತ್ತವೆ. ಗುಂಡಿ ತೆರೆದಾಗ ಮಾತ್ರ ರೆಗ್ಯುಲೇಟರಿನ ಬುಡದಲ್ಲಿ ಸೋರಿದರೆ ತಪ್ಪು ಓ-ರಿಂಗಿನದು ಅಥವಾ ರೆಗ್ಯುಲೇಟರಿನ ಮೂತಿಯದು. ರೆಗ್ಯುಲೇಟರ್ ತೆಗೆದ ಮೇಲೂ ವಾಲ್ವಿನ ಬಾಯೊಳಗಿಂದ ಸೋರಿದರೆ ಪಿನ್ನಿನ ಕೆಳಗಿನ ಪೀಠ ಸರಿಯಾಗಿ ಮುಚ್ಚುತ್ತಿಲ್ಲ ಎಂದರ್ಥ; ಇದನ್ನು ಬಿಳಿ ಮುಚ್ಚಳ ತಡೆಯುತ್ತದೆ. ಮೂರನೆಯದು ವಾಲ್ವಿನ ಬುಡ ಸಿಲಿಂಡರಿಗೆ ತಿರುಚಿಕೊಂಡಿರುವ ಜಾಗದ ಸೋರಿಕೆ. ಇದು ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಮುಚ್ಚಳ ಹಾಕಿದರೂ ಇದು ನಿಲ್ಲುವುದಿಲ್ಲ. ಅಂಥ ಸಿಲಿಂಡರನ್ನು ಬಯಲಿನಲ್ಲಿ ನೆಟ್ಟಗೆ ನಿಲ್ಲಿಸಿ, ಸುತ್ತಮುತ್ತ ಬೆಂಕಿ ಸುಳಿಯದಂತೆ ನೋಡಿಕೊಂಡು, 1906ಕ್ಕೆ ಕರೆ ಮಾಡಬೇಕು.

ಅಂಗಳದ ಬಯಲಿನಲ್ಲಿ, ಹತ್ತಿರ ಯಾವ ಉರಿಯೂ ಇಲ್ಲದಾಗ, ಪಾತ್ರೆ ಸೋಪಿನ ನೀರನ್ನು ನೊರೆ ಬರುವಷ್ಟು ಗಟ್ಟಿಯಾಗಿ ಕಲಸಿ ಹಳೆಯ ಬ್ರಷ್‌ನಿಂದ ಹಚ್ಚುತ್ತ ಬಂದೆ. ಅಮೋನಿಯ ಇರುವ ತೊಳೆಯುವ ದ್ರವಗಳನ್ನು ಇದಕ್ಕೆ ಬಳಸಬಾರದು, ಅವು ಹಿತ್ತಾಳೆಯಲ್ಲಿ ಬಿರುಕು ತರುತ್ತವೆ. ಕಡ್ಡಿ ಗೀರಿ ನೋಡುವ ಧೀರರು ಇಂದಿಗೂ ಇದ್ದಾರೆ. ಅವರ ಹುಬ್ಬುಗಳನ್ನು ನೋಡಿದರೆ ಸಾಕು. ಪೈಪಿನ ಎರಡೂ ತುದಿ, ಒಲೆಯ ನಾಬು, ವಾಲ್ವಿನ ಬುಡ ಎಲ್ಲಿಯೂ ಗುಳ್ಳೆ ಏಳಲಿಲ್ಲ. ಗುಂಡಿ ತೆರೆದಾಗ ರೆಗ್ಯುಲೇಟರಿನ ಕೆಳಗೆ, ಅದೂ ಒಂದೇ ಬದಿಯಲ್ಲಿ, ಸಣ್ಣ ಗುಳ್ಳೆಗಳು ಸಾಲಾಗಿ ಬಂದವು. ಮುಚ್ಚಿದ ಕೂಡಲೇ ನಿಂತವು. ಒಂದೇ ಬದಿಯಲ್ಲಿ ಏಕೆ ಎಂಬ ಪ್ರಶ್ನೆಯನ್ನು ಗುರುತು ಹಾಕಿಟ್ಟುಕೊಂಡೆ.

ಅಂತರ್ಜಾಲದಲ್ಲಿ ಸಿಗುವ ಸಲಹೆಗಳ ಬಗ್ಗೆಯೂ ಇಲ್ಲಿ ಒಂದು ಮಾತು ಬರೆದಿಡುವುದು ಅಗತ್ಯ. ಅವುಗಳಲ್ಲಿ ಹೆಚ್ಚಿನವು ಅಮೆರಿಕದ 20 ಪೌಂಡಿನ, ಅಂದರೆ ಸುಮಾರು 9 ಕೆ.ಜಿ.ಯ ಪ್ರೊಪೇನ್ ಟ್ಯಾಂಕಿಗೆ ಹೇಳಿದವು. ಅಲ್ಲಿನ ವಾಲ್ವಿಗೆ ಕೈಚಕ್ರವಿದೆ, ಹೊರಗಿನ ಮರೆಯ (ತಿರುಪಿನ ಸುತ್ತುಗಳ) ಮೇಲೆ ಪ್ಲಾಸ್ಟಿಕ್ ನಟ್ಟು ತಿರುಗಿ ಕೂರುತ್ತದೆ, ಹೆಚ್ಚು ತುಂಬದಂತೆ ತಡೆಯುವ ತೇಲುಬುರುಡೆಯ ಸಾಧನವೂ ಒಳಗಿದೆ. ಅಲ್ಲಿನ ಹಳೆಯ ಬಗೆಯ ಜೋಡಣೆಗೆ ಎಡಮರೆ ಇರುವುದರಿಂದ ಅದನ್ನು ಬಿಗಿಮಾಡಲು ಎಡಕ್ಕೆ ತಿರುಗಿಸಬೇಕು. ನಮ್ಮ ವಾಲ್ವಿನ ಬಾಯಿಗೆ ತಿರುಗಿಸುವ ಮರೆಯೇ ಇಲ್ಲ. ರೆಗ್ಯುಲೇಟರಿನ ಬಳೆಯನ್ನು ಎತ್ತಿ ಹಿಡಿದು, ಒತ್ತಿ ಕೂರಿಸಿ ಬಿಡುವುದಷ್ಟೆ. ಆದ್ದರಿಂದ ಟೆಫ್ಲಾನ್ ಟೇಪ್ ಸುತ್ತುವುದು, ಪಾನಾ (ಸ್ಪ್ಯಾನರ್) ಹಾಕಿ ಬಿಗಿಯುವುದು ಇಲ್ಲಿ ಅರ್ಥವಿಲ್ಲದ ಕೆಲಸ. ಸೈಕಲ್ ಟ್ಯೂಬನ್ನು ಕತ್ತರಿಸಿ ಮಾಡಿದ ವಾಷರಂತೂ ಅಪಾಯಕಾರಿ: ಸಾಮಾನ್ಯ ರಬ್ಬರ್ ಎಲ್‌ಪಿಜಿಯ ಸಂಪರ್ಕದಲ್ಲಿ ಉಬ್ಬಿ ಮೆತ್ತಗಾಗುತ್ತದೆ, ಆದ್ದರಿಂದಲೇ ಈ ಕೆಲಸಕ್ಕೆ ನೈಟ್ರೈಲ್ ರಬ್ಬರ್ ಬಳಸುತ್ತಾರೆ.

ಮಾರ್ಚ್ ಮಧ್ಯ

ಸಿಲಿಂಡರನ್ನು ವಿತರಕರ ಗೋದಾಮಿಗೆ ಒಯ್ದೆ. ಅಲ್ಲಿನ ಮೆಕ್ಯಾನಿಕ್ ಮೊದಲು ತಮ್ಮದೊಂದು ರೆಗ್ಯುಲೇಟರನ್ನು ಕೂರಿಸಿ ನೋಡಿದರು. ಅದರಲ್ಲಿಯೂ ಗುಳ್ಳೆ ಬಂದಿತು. ಅಲ್ಲಿಗೆ ನನ್ನ ರೆಗ್ಯುಲೇಟರ್ ನಿರ್ದೋಷಿ ಎಂದಾಯಿತು. ಬಳಿಕ ಕೊಕ್ಕೆಯಂಥ ಸಣ್ಣ ಸಾಧನದಿಂದ ಓ-ರಿಂಗನ್ನು ಎತ್ತಿ ಅಂಗೈ ಮೇಲಿಟ್ಟು ತೋರಿಸಿದರು.

“ನೋಡ್ರಿ ಸರ, ಒಂದು ಕಡಿ ಚಪ್ಪಟಿ ಆಗ್ಯಾದ. ಪೈಪ್ ಜಗ್ಗಿದಂಗ ಆಗಿ ಕುಂತಿತ್ತೇನ್ರಿ?”

ಪ್ರಶ್ನೆ ನೇರವಾಗಿ ಪೆಟ್ಟಿಗೆಯ ಅಳತೆಗೆ ಬಂದು ತಾಗಿತು. ಸಿಲಿಂಡರಿನ ಮೇಲಿನ ಹಲಗೆ ತಗ್ಗಾಗಿದ್ದರಿಂದ ಪೈಪು ರೆಗ್ಯುಲೇಟರಿನಿಂದ ಹೊರಟ ಕೂಡಲೇ ಬಾಗಬೇಕಾಗಿತ್ತು. ಉಕ್ಕಿನ ತಂತಿಯ ಹೆಣಿಗೆಯುಳ್ಳ ಕಿತ್ತಳೆ ಬಣ್ಣದ ಪೈಪು ಸುಲಭವಾಗಿ ಬಾಗುವಂಥದ್ದಲ್ಲ, ಬಾಗಿಸಿದಷ್ಟೂ ಅದು ರೆಗ್ಯುಲೇಟರನ್ನು ಒಂದು ಬದಿಗೆ ಎಳೆಯುತ್ತದೆ. ಎಳೆತದ ಬದಿಯ ರಬ್ಬರ್ ಅಮುಕಿಕೊಂಡು ಅದೇ ಆಕಾರಕ್ಕೆ ಒಗ್ಗಿಬಿಡುತ್ತದೆ, ಎದುರು ಬದಿಯಲ್ಲಿ ಸಂದಿ ಬಿಡುತ್ತದೆ. ಗುಳ್ಳೆ ಒಂದೇ ಬದಿಯಲ್ಲಿ ಎದ್ದುದರ ಕಾರಣ ಇದು. ಹೊಸ ರಿಂಗ್ ಕೂರಿಸಿ, ಎರಡೂ ರೆಗ್ಯುಲೇಟರುಗಳಿಂದ ಪರೀಕ್ಷಿಸಿ ಕೊಟ್ಟರು. ರಿಂಗಿಗೆ ಗ್ರೀಸ್ ಹಚ್ಚಬೇಕೇ ಎಂದು ಕೇಳಿದ್ದಕ್ಕೆ ಬೇಡವೆಂದರು. ನನಗೂ ಅದೇ ಸರಿಯೆನಿಸುತ್ತದೆ: ಎರೆಹೊಲದ ದೂಳಿನ ನಡುವೆ ಜಿಡ್ಡು ಹಚ್ಚಿದ ರಬ್ಬರ್ ಎಂದರೆ ಮಣ್ಣನ್ನು ಕರೆದು ಕೂರಿಸಿಕೊಂಡಂತೆ.

ಇದೇ ಸಂದರ್ಭದಲ್ಲಿ ಸಿಲಿಂಡರಿನ ಹಿಡಿಕೆಯನ್ನು ಹೊತ್ತಿರುವ ಪಟ್ಟಿಯ ಒಳಬದಿಯನ್ನೂ ನೋಡಿಕೊಂಡೆ. ಅಲ್ಲಿ ಒಂದು ಅಕ್ಷರ ಮತ್ತು ವರ್ಷದ ಕೊನೆಯ ಎರಡು ಅಂಕಿಗಳಿರುತ್ತವೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಸಿ ಮತ್ತು ಡಿ ಮುಂದಿನ ಎರಡು ತ್ರೈಮಾಸಿಕಗಳು. ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಒಳಪಡಿಸಬೇಕಾದ ಗಡುವು ಅದು. ಸಿ-27 ಎಂದಿದ್ದರೆ 2027ರ ಸೆಪ್ಟೆಂಬರ್ ಅಂತ್ಯದವರೆಗೆ ಎಂದು ಓದಿಕೊಳ್ಳಬೇಕು. ನನ್ನದರ ಗಡುವು ಇನ್ನೂ ದೂರವಿತ್ತು.

ಮಾರ್ಚ್ ಕೊನೆ

ಹೊಲದಲ್ಲಿ ಚಹಾ ಕಾಸಿದ್ದಾಯಿತು. ಊರಿಗೆ ಮರಳಿ ರೆಗ್ಯುಲೇಟರ್ ಬಿಚ್ಚಿ, ಮುಚ್ಚಳ ಹಾಕುವ ಮುನ್ನ ವಾಲ್ವಿನ ಬಾಯಿಗೆ ಸೋಪಿನ ನೀರಿನ ನಾಲ್ಕು ಹನಿ ಬಿಟ್ಟು ನೋಡಿದಾಗ ಒಂದು ಗುಳ್ಳೆ ನಿಧಾನವಾಗಿ ಉಬ್ಬಿ ಒಡೆಯಿತು, ಅದರ ಹಿಂದೆಯೇ ಇನ್ನೊಂದು. ಇದು ಹೊಸ ದೋಷ, ಎರಡನೆಯ ಬಗೆಯದು: ಪಿನ್ನಿನ ಪೀಠ ಪೂರ್ತಿ ಮುಚ್ಚುತ್ತಿಲ್ಲ. ಸವೆದ ರಬ್ಬರಿನಿಂದಲೂ ಹೀಗಾಗಬಹುದು, ಪೀಠದ ನಡುವೆ ಸಿಕ್ಕ ಒಂದು ಕಣದಿಂದಲೂ ಆಗಬಹುದು. ಸ್ಕ್ರೂಡ್ರೈವರಿನಿಂದ ಪಿನ್ನನ್ನು ಒಮ್ಮೆ ಒತ್ತಿ ಬಿಟ್ಟರೆ ಗ್ಯಾಸಿನ ರಭಸಕ್ಕೆ ಕಸ ಹಾರಿಹೋಗುತ್ತದೆ ಎಂಬ ಸಲಹೆ ನೆರೆಯವರಿಂದ ಬಂದಿತು. ಆ ಕೆಲಸಕ್ಕೆ ನಾನು ಒಪ್ಪಲಿಲ್ಲ. ರೆಗ್ಯುಲೇಟರ್ ದಾಟಿದ ಮೇಲೆ ಗ್ಯಾಸಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 30 ಗ್ರಾಂ ಮಾತ್ರ. ವಾಲ್ವಿನ ಒಳಗಡೆ, ನಮ್ಮ ಬೇಸಿಗೆಯ ಬಿಸಿಯಲ್ಲಿ, ಅದರ ನೂರು ಪಟ್ಟಿಗೂ ಹೆಚ್ಚು. ಪಿನ್ ಮರಳಿ ಮೇಲೇಳದೆ ಸಿಕ್ಕಿಕೊಂಡರೆ ಇಡೀ ಸಿಲಿಂಡರ್ ಬರಿದಾಗುವವರೆಗೆ ದೂರ ನಿಂತು ನೋಡುವುದೊಂದೇ ಉಳಿಯುತ್ತದೆ.

ವೆಲ್ಡಿಂಗ್ ಅಂಗಡಿಯ ಪರಿಚಿತರೊಬ್ಬರು ವಾಲ್ವನ್ನೇ ಬಿಚ್ಚಿ ಬೇರೆಯದನ್ನು ಹಾಕಿಕೊಡುವುದಾಗಿ ಹೇಳಿದರು, ಪ್ರೀತಿಯಿಂದಲೇ ಹೇಳಿದರು. ಆದರೆ ವಾಲ್ವ್ ಬದಲಿಸುವುದು ಸಿಲಿಂಡರನ್ನು ಪೂರ್ತಿ ಖಾಲಿ ಮಾಡಿ, ಒಳಗಿನ ಆವಿಯನ್ನೂ ಹೊರದೂಡಿ, ನಿಗದಿತ ಬಿಗಿಯಲ್ಲಿ ಕೂರಿಸಿ, ಮರುಪರೀಕ್ಷಿಸಬೇಕಾದ ಕೆಲಸ. 2016ರ ಗ್ಯಾಸ್ ಸಿಲಿಂಡರ್ ನಿಯಮಗಳು ಅದನ್ನು ಅಂಗಡಿಯ ಕಟ್ಟೆಯ ಮೇಲೆ ಮಾಡಲು ಬಿಡುವುದಿಲ್ಲ. ಮುಚ್ಚಳ ಬಿಗಿಯಾಗಿ ಕೂತ ಮೇಲೆ ಗುಳ್ಳೆ ನಿಂತಿದ್ದನ್ನು ಖಚಿತಪಡಿಸಿಕೊಂಡು ಮತ್ತೆ ಗೋದಾಮಿಗೆ ಹೋದೆ.

“ಪಿನ್ನಿಂದ ಲೀಕ್ ಅದರಿ. ಇದಕ್ಕ ನಾವು ಕೈ ಹಚ್ಚಂಗಿಲ್ರಿ ಸರ, ಪ್ಲಾಂಟಿಗೇ ಹೋಗ್ಬೇಕು. ಬ್ಯಾರೆದು ಒಯ್ರಿ.”

ಬೇರೆ ಸಿಲಿಂಡರ್ ಕೊಟ್ಟರು. ತೆಗೆದುಕೊಳ್ಳುವ ಮುನ್ನ ಅಲ್ಲಿಯೇ ಸೀಲು ಒಡೆಸಿ, ಬಾಯಿಯ ಪರೀಕ್ಷೆಯನ್ನೂ ರೆಗ್ಯುಲೇಟರಿನ ಪರೀಕ್ಷೆಯನ್ನೂ ಮಾಡಿಸಿಕೊಂಡೆ. ಸಾಲಿನಲ್ಲಿ ಹಿಂದಿದ್ದವರಿಗೆ ಬೇಸರವಾಯಿತು, ಆಗಲಿ.

ಏಪ್ರಿಲ್

ಸಿಲಿಂಡರಿನ ವಿಷಯ ಮುಗಿದರೂ ಪೆಟ್ಟಿಗೆಯ ವಿಷಯ ಮುಗಿಯಲಿಲ್ಲ. ಓ-ರಿಂಗ್ ಎಂದಾದರೂ ಮತ್ತೆ ಸವೆಯುತ್ತದೆ. ಆಗ ಸೋರಿದ ಗ್ಯಾಸ್ ಎಲ್ಲಿ ಹೋಗುತ್ತದೆ ಎಂಬುದನ್ನು ಲೆಕ್ಕ ಹಾಕಿದಾಗ ಮೊದಲಿನ ನಕ್ಷೆಯನ್ನು ಉಳಿಸಿಕೊಳ್ಳಲು ಮನಸ್ಸಾಗಲಿಲ್ಲ. ಪೆಟ್ಟಿಗೆಯ ಒಳಗಿನ ಜಾಗ ಸುಮಾರು 100 ಲೀಟರ್. ಗಾಳಿಯಲ್ಲಿ ಎಲ್‌ಪಿಜಿಯ ಪ್ರಮಾಣ ಶೇ. 2ರ ಆಸುಪಾಸಿಗೆ ಬಂದರೆ ಅದು ಹೊತ್ತಿಕೊಳ್ಳಬಲ್ಲದು. ಅಂದರೆ 2 ಲೀಟರ್ ಆವಿ ಸಾಕು, ತೂಕದಲ್ಲಿ ನಾಲ್ಕೂವರೆ ಗ್ರಾಂ ಕೂಡ ಇಲ್ಲ. 5 ಕೆ.ಜಿ. ತುಂಬಿದ ಸಿಲಿಂಡರಿನಲ್ಲಿ ಅಂಥ ಸಾವಿರಕ್ಕೂ ಹೆಚ್ಚು ಪಾಲುಗಳಿವೆ. ಸೆಕೆಂಡಿಗೆ ಒಂದೇ ಘನ ಸೆಂಟಿಮೀಟರಿನಷ್ಟು ಸೋರಿದರೂ ಸುಮಾರು 33 ನಿಮಿಷಗಳಲ್ಲಿ ಪೆಟ್ಟಿಗೆ ಆ ಮಟ್ಟ ಮುಟ್ಟುತ್ತದೆ. ಹೊಲ ಮುಟ್ಟಲು ಟಂಟಂ ತೆಗೆದುಕೊಳ್ಳುವ ಹೊತ್ತೂ ಹೆಚ್ಚುಕಡಿಮೆ ಅಷ್ಟೇ. ವಾಸ್ತವದಲ್ಲಿ ಪೆಟ್ಟಿಗೆಯ ಬುಡ ಅದಕ್ಕೂ ಮೊದಲೇ ಆ ಮಟ್ಟ ಮುಟ್ಟುತ್ತದೆ, ಏಕೆಂದರೆ ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು, ಬ್ಯೂಟೇನ್ ಎರಡು ಪಟ್ಟು ಭಾರ. ಸೋರಿದ್ದು ಪೆಟ್ಟಿಗೆಯ ತುಂಬ ಹರಡದೆ ಬುಡದಲ್ಲಿಯೇ ದಟ್ಟವಾಗಿ ನಿಲ್ಲುತ್ತದೆ. ಮುಚ್ಚಳ ತೆರೆದು ನೇರವಾಗಿ ಲೈಟರ್ ಒತ್ತುವವರ ಕೈಯನ್ನು ನೆನಪಿಸಿಕೊಂಡರೆ ಸಾಕು.

ಆದ್ದರಿಂದ ಸಿಲಿಂಡರನ್ನು ಪೆಟ್ಟಿಗೆಯ ಒಡಲಿನಿಂದ ಹೊರಗೆ ತಂದಿದ್ದೇನೆ. ಪಕ್ಕಕ್ಕೆ ಆ್ಯಂಗಲಿನದೇ ತೆರೆದ ಗೂಡು ಬೆಸೆದು, ಅದರ ತಳಕ್ಕೆ ಹಲಗೆಯ ಬದಲು ಕಬ್ಬಿಣದ ಜಾಲರಿ ಹಾಕಿದ್ದೇನೆ. ಸಿಲಿಂಡರ್ ಪ್ರಯಾಣದಲ್ಲಿಯೂ ನೆಟ್ಟಗೆ ನಿಲ್ಲುವಂತೆ ಸೊಂಟಕ್ಕೆ ಅಗಲವಾದ ಪಟ್ಟಿ ಇದೆ. ಅಡ್ಡ ಮಲಗಿಸಿದರೆ ವಾಲ್ವಿನ ಬಾಯಿಗೆ ಆವಿಯ ಬದಲು ದ್ರವ ಬರುತ್ತದೆ, ಮತ್ತು ಒಂದು ಲೀಟರ್ ದ್ರವ ಹೊರಬಿದ್ದು ಆವಿಯಾದರೆ ಸುಮಾರು 250 ಲೀಟರ್ ಆಗುತ್ತದೆ. ಅದೇ ಸಂದಿ, ಅನೇಕ ಪಟ್ಟು ಹೆಚ್ಚು ಅಪಾಯ. ಗೂಡಿನ ಎತ್ತರವನ್ನು ರೆಗ್ಯುಲೇಟರಿನ ಮೇಲೆ ಕೈ ಸಲೀಸಾಗಿ ಆಡುವಷ್ಟು ಏರಿಸಿದ್ದರಿಂದ ಪೈಪು ಈಗ ಎಳೆತವಿಲ್ಲದೆ ಇಳಿಬಿದ್ದು, ದೊಡ್ಡ ತಿರುವು ತೆಗೆದುಕೊಂಡು ಒಲೆ ಸೇರುತ್ತದೆ. ಒಲೆಯನ್ನು ಪೆಟ್ಟಿಗೆಯ ಮೇಲ್ಮೈಗೆ ಏರಿಸಿದ್ದೇನೆ, ಉರಿ ಸಿಲಿಂಡರಿನ ಮಟ್ಟಕ್ಕಿಂತ ಮೇಲಿರಲಿ ಎಂದು. ಪ್ರಯಾಣದಲ್ಲಿ ರೆಗ್ಯುಲೇಟರ್ ಪೆಟ್ಟಿಗೆಯಲ್ಲಿ, ವಾಲ್ವಿನ ಮೇಲೆ ಬಿಳಿ ಮುಚ್ಚಳ. ಇದರಿಂದ ಎರೆಮಣ್ಣಿನ ದೂಳೂ ವಾಲ್ವಿನ ಬಾಯಿಗೆ ಬೀಳುವುದಿಲ್ಲ.

ಗೂಡಿನ ಮೇಲೆ ನೆರಳಿಗೆಂದು ದಪ್ಪ ಗೋಣಿಪಟ್ಟಿನ ಚಪ್ಪರ ಹಾಕಿದ್ದು ಅಲಂಕಾರಕ್ಕಲ್ಲ. ಕಲಬುರಗಿಯ ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನ ತಾಪವೇ 40 ಡಿಗ್ರಿ ದಾಟುತ್ತದೆ. 40 ಡಿಗ್ರಿಯಲ್ಲಿ ಬ್ಯೂಟೇನಿನ ಆವಿಯೊತ್ತಡ ವಾತಾವರಣದ ಒತ್ತಡದ ಸುಮಾರು ನಾಲ್ಕು ಪಟ್ಟು, ಪ್ರೊಪೇನಿನದು ಸುಮಾರು ಹದಿಮೂರೂವರೆ ಪಟ್ಟು. ನಮ್ಮ ಸಿಲಿಂಡರಿನಲ್ಲಿರುವುದು ಇವೆರಡರ ಮಿಶ್ರಣ. ಸರಿಯಾಗಿ ತುಂಬಿದ ಐಎಸ್‌ಐ ಸಿಲಿಂಡರ್ ಇದನ್ನು ತಾಳಿಕೊಳ್ಳುತ್ತದೆ, ಏಕೆಂದರೆ ದ್ರವ ಹಿಗ್ಗಲು ಒಳಗೆ ಖಾಲಿ ಜಾಗ ಬಿಟ್ಟೇ ತುಂಬಿರುತ್ತಾರೆ. ಬಾಡಿಗೆ ಕೋಣೆಗಳಲ್ಲಿ ಕಾಣುವ, ತಲೆಯ ಮೇಲೆಯೇ ಬರ್ನರ್ ಹೊತ್ತ, ಮನೆಯ ಸಿಲಿಂಡರಿನಿಂದ ಕದ್ದುಮುಚ್ಚಿ ತುಂಬಿಸಿದ ಸಣ್ಣ ಟಾಕಿಗಳಲ್ಲಿ ಆ ಜಾಗ ಉಳಿದಿದೆಯೋ ಇಲ್ಲವೋ ಹೇಳುವವರು ಯಾರೂ ಇಲ್ಲ. ಈ ಯೋಜನೆಗೆ ಅವು ಅರ್ಧ ಬೆಲೆಗೆ ಸಿಗುತ್ತಿದ್ದರೂ ಮುಟ್ಟದಿರಲು ಇದೇ ಕಾರಣ.

ಏಪ್ರಿಲ್ ಕೊನೆ

ಹೊಸ ಗೂಡಿನಲ್ಲಿ ಸಿಲಿಂಡರ್ ಕೂರಿಸಿ ಎಲ್ಲ ಜೋಡಣೆಗಳನ್ನೂ ಸೋಪಿನ ನೀರಿನಿಂದ ನೋಡಿದ್ದಾಯಿತು. ಗುಂಡಿ ತೆರೆದಾಗಲೂ ಮುಚ್ಚಿದಾಗಲೂ ಗುಳ್ಳೆ ಇಲ್ಲ. ಕೆಟ್ಟ ರಸ್ತೆಯಲ್ಲಿ ಹೋಗಿ ಬಂದ ಮೇಲೆ ಮತ್ತೊಮ್ಮೆ ನೋಡಿದೆ, ಆಗಲೂ ಇಲ್ಲ. ಉಳಿದಿರುವುದು ಗಾಳಿತಡೆಯ ತಗಡು. ಹೊಲದ ಬಯಲುಗಾಳಿಗೆ ಉರಿ ಆರಿಹೋದರೆ ಬರ್ನರಿನಿಂದಲೇ ಗ್ಯಾಸ್ ಹೊರಬರುತ್ತಿರುತ್ತದೆ, ಆಗ ವಾಲ್ವ್ ಎಷ್ಟು ಗಟ್ಟಿಯಿದ್ದರೂ ಪ್ರಯೋಜನವಿಲ್ಲ. ತಗಡು ಮೂರು ಬದಿಗೆ ಮಾತ್ರ ಇರಬೇಕು, ಬರ್ನರಿನ ಗಾಳಿರಂಧ್ರವನ್ನು ಮುಚ್ಚಬಾರದು, ಬಿಸಿಯನ್ನು ಸಿಲಿಂಡರಿನ ಕಡೆಗೆ ತಿರುಗಿಸಬಾರದು. ಅದರ ಎತ್ತರವನ್ನು ರಟ್ಟಿನಲ್ಲಿ ಕತ್ತರಿಸಿ, ಒಲೆ ಹಚ್ಚದೆಯೇ ಅಳೆದು ನೋಡುತ್ತಿದ್ದೇನೆ. ಮಳೆಗಾಲಕ್ಕೆ ಮುನ್ನ ತಗಡಿಗೆ ಕತ್ತರಿ ಹಾಕಬೇಕು.