ಮಜ್ಜಿಗೆ ಗಡಿಗೆ ಮತ್ತು ನಮ್ಮ ಪೈಲ್ವಾನ್ ಸರ್

ಪೈಲ್ವಾನ್ ಸರ್ ತೀರಿಕೊಂಡ ಸುದ್ದಿ ಬಂದಾಗ ನಾನು ಬೆಟಗೇರಿಯಲ್ಲಿ ಬಸ್ಸಿಗೆ ನಿಂತಿದ್ದೆ. ಬಸ್ಸು ಬಂತು, ಹೋಯಿತು. ಹತ್ತಲಾಗಲಿಲ್ಲ.

ಹಾಜರಿ ಪುಸ್ತಕದಲ್ಲಿ ಅವರು ದೈಹಿಕ ಶಿಕ್ಷಕರು. ವಯಸ್ಸಿನಲ್ಲಿ ಗದಗ, ಹಾವೇರಿ ಕಡೆಯ ಜಾತ್ರೆಗಳಲ್ಲಿ ಕುಸ್ತಿ ಹಿಡಿದವರು. ಒಮ್ಮೆ ಮೊಣಕಾಲು ತಿರುಚಿತು. ಹಿಡಿಯುವುದು ನಿಂತಿತು, ಕಲಿಸುವುದು ಶುರುವಾಯಿತು.

ಮಣ್ಣಿನ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಮುಗಿಯಿತು. ಕ್ರೀಡಾಕೂಟದಲ್ಲಿ ಹಾಗಲ್ಲ, ಮ್ಯಾಟು, ಪಾಯಿಂಟು, ಗಡಿಯಾರ. ಸರ್ ನಮಗಾಗಿ ಅದನ್ನೂ ಹೊಸದಾಗಿ ಕಲಿತರು. ಮ್ಯಾಟ್ ಕೊಳ್ಳಲು ದುಡ್ಡೆಲ್ಲಿ? ಜಿನ್ನಿಂಗ್ ಫ್ಯಾಕ್ಟರಿಯಿಂದ ಕಸರು ಹತ್ತಿ ತಂದು ಗೋಣಿಚೀಲಕ್ಕೆ ತುಂಬಿಸಿ, ಮೇಲೆ ತಾಡಪತ್ರಿ ಬಿಗಿದರು. ಸುತ್ತಲೂ ಸುಣ್ಣದಿಂದ 9 ಮೀಟರಿನ ವೃತ್ತ ಎಳೆದರು. "ಅವನ ಕಣ್ಣ ನೋಡಬ್ಯಾಡೋ ತಮ್ಮಾ, ಸೊಂಟ ನೋಡು. ಕಣ್ಣು ಮೋಸ ಮಾಡ್ತಾವ, ಸೊಂಟ ಮಾಡಂಗಿಲ್ಲ" ಅನ್ನುತ್ತಿದ್ದರು. ಸೊಂಟ ನೋಡಿಯೇ ನಾನು ವಿಭಾಗ ಮಟ್ಟದಲ್ಲಿ ಎರಡನೆಯವನಾದೆ. ಆ ಪ್ರಮಾಣಪತ್ರ ಇವತ್ತಿಗೂ ನಮ್ಮ ಪಡಸಾಲೆಯಲ್ಲಿದೆ.

ಆದರೂ ಅವರ ಜೀವ ಇದ್ದದ್ದು ಬೇವಿನ ಮರದ ಕೆಳಗಿನ ಅಖಾಡದಲ್ಲಿ. ಕೆಂಪು ಮಣ್ಣಿಗೆ ಎಣ್ಣೆ, ಅರಿಶಿನ, ಲಿಂಬೆರಸ, ಮಜ್ಜಿಗೆ ಬೆರೆಸಿ ಹದ ಮಾಡುತ್ತಿದ್ದರು. ಅದರೊಳಗೆ ಚಪ್ಪಲಿ ಹಾಕಿಕೊಂಡು ಯಾರೂ ಕಾಲಿಡುವಂತಿರಲಿಲ್ಲ, ಹೆಡ್‌ಮಾಸ್ತರರೂ ಅಷ್ಟೇ. ಒಂದು ಬೇಸಿಗೆ ಮಧ್ಯಾಹ್ನ ನಾವು ನಾಲ್ವರು ಆ ಮಣ್ಣಿಗೆಂದು ಇಟ್ಟಿದ್ದ ಮಜ್ಜಿಗೆ ಕುಡಿದು, ಗಡಿಗೆಗೆ ನೀರು ತುಂಬಿಟ್ಟೆವು. ಸಂಜೆ ಸರ್ ಒಂದು ಹಿಡಿ ಮಣ್ಣು ಹಿಸುಕಿ ಮೂಸಿದರು. ಯಾರೆಂದು ಕೇಳಲಿಲ್ಲ. ನಮ್ಮ ನಾಲ್ವರ ಕೈಗೇ ಸಲಿಕೆ ಕೊಟ್ಟರು! ಕತ್ತಲಾಗುವವರೆಗೆ ಅಖಾಡ ಪೂರ್ತಿ ತಿರುವಿದೆವು. ಅಂಗೈ ತುಂಬ ಬೊಬ್ಬೆ. ಮರುದಿನ ನಾಲ್ಕೂ ಮನೆಗಳಿಂದ ಮಜ್ಜಿಗೆ ಬಂತು.

ಕುಸ್ತಿಪಟು ಖಾಶಾಬಾ ಜಾಧವ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಕಥೆಯನ್ನು ಸರ್ ಎಷ್ಟು ಸಲ ಹೇಳಿದರೋ. 2008ರಲ್ಲಿ ಬೀಜಿಂಗ್‌ನಲ್ಲಿ ಸುಶೀಲ್ ಕುಮಾರ್ ಗೆದ್ದ ದಿನ ಅವರೇ ಫೋನ್ ಮಾಡಿದ್ದರು. "ಐವತ್ತಾರು ವರ್ಷ ಆತಲೋ, ಕುಸ್ತಿಗೆ ಇನ್ನೊಂದು ಬರಾಕ!" ಆಮೇಲೆ ಮಾತೇ ಇಲ್ಲ, ಬರೀ ಉಸಿರು ಕೇಳುತ್ತಿತ್ತು.

ಈಗ ಮಕ್ಕಳ ಆಟದ ಪೀರಿಯಡ್ಡನ್ನು ಗಣಿತ ನುಂಗುತ್ತಿದೆ. ಅಂಕ ಬೇಕು, ಸರಿ. ಆದರೆ ದಿನಕ್ಕೊಮ್ಮೆ ಮೈ ಬೆವರಬೇಕು ಅಲ್ವಾ? ಅಖಾಡದ ಜಾಗಕ್ಕೆ ಸಿಮೆಂಟ್ ಇಟ್ಟಿಗೆ ಹಾಸಿ ಬೈಕ್ ನಿಲ್ಲಿಸುತ್ತಾರೆ. ನನಗೆ ನಿಜಕ್ಕೂ ಸಂಕಟವಾಯಿತು.

ಸರ್ ಹೋದ ಮೇಲೆ ಹಳೆಯ ಹುಡುಗರೆಲ್ಲ ಶಾಲೆಯಲ್ಲಿ ಸೇರಿದ್ದೆವು. ಮಾತಾಡುತ್ತಾ ಬೇವಿನ ಮರದವರೆಗೆ ನಡೆದೆವು. ಇಟ್ಟಿಗೆಯ ಅಂಚು ಬಂದಾಗ ಮುಂದಿದ್ದವನು ಚಪ್ಪಲಿ ಬಿಟ್ಟ. ನಾವೆಲ್ಲ ಬಿಟ್ಟೆವು.