ಗ್ರಹಣದ ದಿನ ಏನಾದ್ರೂ ಕತ್ತರಿಸಿದ್ಯಾ?

ತಂಗಿಯ ಕೂಸಿಗೆ ಈ ವಾರ ಆಪರೇಷನ್ ಆಯಿತು. ಇನ್ನೂ ಹೆಸರಿಟ್ಟಿಲ್ಲ. ಮೇಲಿನ ವಸಡಿನಿಂದ ದ್ರಾಕ್ಷಿ ಗಾತ್ರದ ಕೆಂಪು ಗಂಟೊಂದು ತುಟಿಯಾಚೆ ಬಂದಿತ್ತು. ಬಾಯಿ ಮುಚ್ಚೋಕಾಗದು, ಮೊಲೆ ಹಿಡಿಯೋಕಾಗದು. ಹಿಂಡಿದ ಹಾಲನ್ನು ಒಳಲೆಯಲ್ಲಿ ಕುಡಿಸುತ್ತಿದ್ದೆವು.

ಜಯನಗರದ ಆಸ್ಪತ್ರೆಗೆ ಬಂದ ಅವಳ ಅತ್ತೆ ಮೊದಲು ಕೇಳಿದ್ದೇ ಇದು: "ಗ್ರಹಣದ ದಿನ ಏನಾದ್ರೂ ಕತ್ತರಿಸಿದ್ಯೇನಮ್ಮಾ?"

ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಕಷ್ಟ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೊಲಿಗೆ ಇನ್ನೂ ಮಾಯದ ತಂಗಿ ನಿಜಕ್ಕೂ ನೆನಪು ಮಾಡಿಕೊಳ್ಳತೊಡಗಿದಳು. "ತರಕಾರಿ ಹೆಚ್ಚಿರಬಹುದು ಅತ್ತೆ, ಗೊತ್ತಿಲ್ಲ." ಅವಳ ಗಂಡ ಪಕ್ಕದಲ್ಲೇ ಇನ್ಶೂರೆನ್ಸ್ ಪೇಪರ್ ತಿರುವುತ್ತಿದ್ದ. ಒಳ್ಳೆ ಹುಡುಗ, ಆದರೆ ಅಮ್ಮನೆದುರು ಬಾಯಿಗೆ ಬೀಗ.

ಸರ್ಜನ್ ಬಂದಾಗ ಅತ್ತೆ ಅವರನ್ನೂ ಬಿಡಲಿಲ್ಲ. "ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮಾ" ಎಂದು ಅವರು ಕೂತು ವಿವರಿಸಿದರು. ಪುಣ್ಯಾತ್ಮರು. ಇದು ಕಂಜೆನಿಟಲ್ ಎಪುಲಿಸ್, ಅಂದರೆ ಹುಟ್ಟುವಾಗಲೇ ವಸಡಿನಲ್ಲಿರುವ ಗಂಟು. 1871ರಲ್ಲಿ ನ್ಯೂಮನ್ ಎಂಬ ಜರ್ಮನ್ ವೈದ್ಯ ಮೊದಲು ಬರೆದಿಟ್ಟದ್ದು. ಬಲು ಅಪರೂಪ, ಕ್ಯಾನ್ಸರ್ ಅಲ್ಲ. ಗಂಡುಕೂಸಿಗಿಂತ ಹೆಣ್ಣುಕೂಸಿನಲ್ಲಿ 8-10 ಪಟ್ಟು ಜಾಸ್ತಿ. ಚಿಕ್ಕದಿದ್ದರೆ ಕೆಲವೊಮ್ಮೆ ತಾನಾಗಿಯೇ ಕರಗುತ್ತದೆ. ಹಾಲಿಗೋ ಉಸಿರಿಗೋ ಅಡ್ಡವಾದರೆ ತೆಗೆಯಲೇಬೇಕು.

ಅರಿವಳಿಕೆ ಕೊಟ್ಟು, ಗಂಟಿನ ತೊಟ್ಟನ್ನು ಬುಡದಲ್ಲಿ ಕತ್ತರಿಸಿ, ರಕ್ತ ನಿಲ್ಲಲು ಕಾಟರಿ ಎಂಬ ಬಿಸಿ ಉಪಕರಣದಿಂದ ಸುಟ್ಟರು. ಚೂರು ಉಳಿದರೂ ಇದು ಮತ್ತೆ ಬೆಳೆಯುವುದಿಲ್ಲವಂತೆ. ಹಾಗಾಗಿ ಆಳಕ್ಕೆ ಕೆದಕುವುದಿಲ್ಲ, ಒಳಗಿರುವ ಹಲ್ಲಿನ ಮೊಳಕೆಗೆ ಪೆಟ್ಟಾಗಬಾರದಲ್ವಾ? ಗಂಟು ಬಯಾಪ್ಸಿಗೆ ಹೋಯಿತು. ಸಂಜೆ ಕೂಸು ಮೊಲೆ ಹಿಡಿಯಿತು. ತಂಗಿ ಅತ್ತಳು, ನಾನೂ.

ಅಷ್ಟರಲ್ಲಿ ಕಾರಿಡಾರಿನಿಂದ ಅತ್ತೆಯ ಫೋನ್ ಮಾತು ಕೇಳಿಸಿತು: "ಗ್ರಹಣದ ದಿನ ತರಕಾರಿ ಹೆಚ್ಚಿದ್ದಳಂತೆ, ಅವಳೇ ಹೇಳಿದಳು."

ನನ್ನ ತಲೆಯಲ್ಲಿ ಇನ್ನೂ ಅದೇ ಕೊರೆಯುತ್ತಿದೆ. ಇಂಥ ಗಂಟು ಯಾಕೆ ಬರುತ್ತದೆಂದು ವೈದ್ಯಲೋಕಕ್ಕೇ ಇನ್ನೂ ಖಚಿತವಾಗಿಲ್ಲ. ಆದರೆ ನಮ್ಮ ಮನೆಗಳಲ್ಲಿ ಕಾರಣ ಖಾಲಿ ಇದ್ದ ಕಡೆಯೆಲ್ಲ ತಾಯಿಯನ್ನು ತಂದು ಕೂರಿಸುತ್ತೇವೆ. ಕೂಸು ಕಪ್ಪಾದರೆ ಅವಳು ತಿಂದದ್ದು, ಸಣ್ಣಗಿದ್ದರೆ ಅವಳು ತಿನ್ನದೇ ಇದ್ದದ್ದು. ಗ್ರಹಣದ ದಿನ ನೀನೇನು ಮಾಡುತ್ತಿದ್ದೆ ಅಂತ ಅಪ್ಪನನ್ನು ಕೇಳಿದವರನ್ನು ನಾನಂತೂ ಕಂಡಿಲ್ಲ. ಅತ್ತೆ ಕೆಟ್ಟವರಲ್ಲ; ಅವರ ಹೆರಿಗೆಯಲ್ಲೂ ಯಾರೋ ಹೀಗೇ ಕೇಳಿರುತ್ತಾರೆ. ಹಾಗಂತ ಸುಮ್ನಿರೋಕಾಗುತ್ತಾ?

ನಾಮಕರಣಕ್ಕೆ ಬರುವವರೆಲ್ಲ ಇದನ್ನೇ ಕೇಳುತ್ತಾರೆ. ಬಯಾಪ್ಸಿ ರಿಪೋರ್ಟ್ ಬರಲಿ, ಜೆರಾಕ್ಸ್ ತೆಗೆಸಿ ತಾಂಬೂಲದ ಜೊತೆ ಕೊಡೋಣ ಅಂತಿದ್ದೇನೆ.