ರೂಸಿಯೋನಿನ ಕೆಮ್ಮಣ್ಣು, ತಮ್ಮನ ಕಣ್ಣು

ಬಣ್ಣ ನೋಡುವುದಕ್ಕೆಂದೇ ಒಂದು ಊರಿಗೆ ಹೊರಟವಳು, ಕೆಂಪು ಯಾವುದು ಹಸಿರು ಯಾವುದು ಎಂದು ಖಚಿತವಾಗಿ ಹೇಳಲಾರದ ತಮ್ಮನನ್ನು ಜೊತೆಗೆ ಕರೆದುಕೊಂಡು ಹೋದೆ. ಕ್ರೂರವೆನಿಸಿದರೆ ಎನಿಸಲಿ, ನಮ್ಮಿಬ್ಬರಲ್ಲಿ ಕಾರು ಓಡಿಸಲು ಬರುವುದು ಅವನಿಗೆ ಮಾತ್ರ. ಸಿಗ್ನಲ್ ಬಂದಾಗ ಅವನು ನೋಡುವುದು ಬಣ್ಣವನ್ನಲ್ಲ, ಜಾಗವನ್ನು: ಮೇಲಿನ ದೀಪ ಹೊತ್ತಿಕೊಂಡರೆ ನಿಲ್ಲಬೇಕು, ಕೆಳಗಿನದು ಹೊತ್ತಿಕೊಂಡರೆ ಹೊರಡಬೇಕು. ಟೊಮೆಟೊ ಹಣ್ಣಾಗಿದೆಯೇ ಎಂಬುದನ್ನು ಹೆಬ್ಬೆರಳಿನಿಂದ ಒತ್ತಿ ತಿಳಿಯುತ್ತಾನೆ. ಚಾರ್ಜರಿನ ಪುಟ್ಟ ದೀಪ ಕೆಂಪಿನಿಂದ ಹಸಿರಿಗೆ ತಿರುಗಿತೇ ಎಂದು ಮಾತ್ರ ಇವತ್ತಿಗೂ ಪಕ್ಕದವರನ್ನು ಕೇಳಬೇಕು. ಎಕ್ಸ್ ಕ್ರೋಮೊಸೋಮ್ ಮೇಲೆ ಕೂತು ಅಮ್ಮನಿಂದ ಮಗನಿಗೆ ಬರುವ ಗುಣ ಇದು. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 12 ಜನರಲ್ಲಿ ಒಬ್ಬರಿಗೆ ಇರುತ್ತದೆ, ಹೆಂಗಸರಲ್ಲಿ ತೀರಾ ಅಪರೂಪ. ಅದೇ ವಂಶವಾಹಿ ನನ್ನೊಳಗೂ ಸದ್ದಿಲ್ಲದೆ ಕೂತಿರುವ ಸಾಧ್ಯತೆ ಅರ್ಧಕ್ಕರ್ಧ.

ಹೋದದ್ದು ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಪ್ರಾಂತ್ಯಕ್ಕೆ. ಆವಿನ್ಯೋನ್ ರೈಲು ನಿಲ್ದಾಣದಲ್ಲಿ ಬಾಡಿಗೆ ಕಾರು ಹಿಡಿದು ಪೂರ್ವಕ್ಕೆ ಒಂದು ಗಂಟೆ ಹೋದರೆ ರೂಸಿಯೋನ್ ಎಂಬ ಹಳ್ಳಿ. ಹತ್ತಿರದ ಪಟ್ಟಣದ ಹೆಸರು ಆಪ್ತ್. "ಎಷ್ಟು ಆಪ್ತವಾದ ಊರು!" ಎಂದು ತಮ್ಮ ಫಲಕ ಕಂಡಾಗಲೆಲ್ಲ ಹೇಳಿದ. ನಾಲ್ಕನೆಯ ಫಲಕದ ಹೊತ್ತಿಗೆ ನಾನು ನಗುವುದನ್ನು ಬಿಟ್ಟಿದ್ದೆ.

ರೂಸಿಯೋನ್ ಕೂತಿರುವುದು ಕಾವಿಮಣ್ಣಿನ ದಿಬ್ಬದ ಮೇಲೆ. ಊರಿನ ಪಕ್ಕದಲ್ಲೇ ಹಿಂದೆ ಮಣ್ಣು ಅಗೆದ ಗಣಿಗಳಿವೆ. ಈಗ ಅವುಗಳ ನಡುವೆ ಕಾಲುದಾರಿ ಮಾಡಿ ನೋಡಲು ಬಿಟ್ಟಿದ್ದಾರೆ. ನಾವು ತಲುಪಿದ ದಿನ ಮಳೆ. ಮಳೆ ಬಂದರೆ ದಾರಿ ಜಾರುತ್ತದೆ, ಹಾಗಾಗಿ ಗೇಟು ಮುಚ್ಚಿತ್ತು. ಗೇಟಿನ ಸಂದಿಯಿಂದ ಹರಿದು ಬರುತ್ತಿದ್ದ ಕಿತ್ತಳೆ ಬಣ್ಣದ ನೀರನ್ನು ನೋಡಿಕೊಂಡು ವಾಪಸಾದೆವು. ಮೊದಲ ದಿನ ಬೆಟ್ಟದ ಬದಲು ಕಾರ್ಖಾನೆ ನೋಡಿದ್ದು ಹೀಗೆ. ಈಗ ಯೋಚಿಸಿದರೆ ಅದೇ ಸರಿಯಾದ ಕ್ರಮವಾಗಿತ್ತು.

ಆಪ್ತ್‌ಗೆ ಹೋಗುವ ರಸ್ತೆಯಲ್ಲಿರುವ ಈ ಹಳೆಯ ಮಾತ್ಯೂ ಕಾರ್ಖಾನೆ 1963ರಲ್ಲಿ ಮುಚ್ಚಿತು. ಈಗ ಅಲ್ಲಿ 'ಓಕ್ರಾ' ಎಂಬ ಸಂಸ್ಥೆ ಬಣ್ಣದ ಕಸುಬನ್ನು ತೋರಿಸುತ್ತದೆ, ಕಲಿಸುತ್ತದೆ. ಗಣಿಯಿಂದ ಬರುವ ಮಣ್ಣಿನಲ್ಲಿ ಬಹುಪಾಲು ಬರೀ ಮರಳು, ಬಣ್ಣ ಇರುವುದು ಅದಕ್ಕೆ ಅಂಟಿಕೊಂಡ ನುಣುಪಾದ ಜೇಡಿಯಲ್ಲಿ. ಮಣ್ಣನ್ನು ನೀರಿನ ಜೊತೆ ಉದ್ದನೆಯ ಕಾಲುವೆಯಲ್ಲಿ ಹರಿಯಬಿಟ್ಟರೆ ಭಾರದ ಮರಳು ದಾರಿಯಲ್ಲೇ ತಳ ಸೇರುತ್ತದೆ, ಹಗುರವಾದ ಬಣ್ಣ ನೀರಿನಲ್ಲಿ ತೇಲಿಕೊಂಡು ತೊಟ್ಟಿಗಳವರೆಗೆ ಬರುತ್ತದೆ. ಅಲ್ಲಿ ಅದು ನಿಧಾನವಾಗಿ ಕೆಳಗೆ ಕೂರುತ್ತದೆ, ಮೇಲಿನ ತಿಳಿನೀರನ್ನು ಬಸಿಯುತ್ತಾರೆ. ಚಳಿಗಾಲವೆಲ್ಲ ತುಂಬಿದ ತೊಟ್ಟಿ ಬೇಸಿಗೆಯ ಹೊತ್ತಿಗೆ ಗಟ್ಟಿ ಕೆಸರಾಗುತ್ತದೆ. ಅದನ್ನು ಇಟ್ಟಿಗೆಯಂತೆ ಕತ್ತರಿಸಿ, ಒಣಗಿಸಿ, ಪುಡಿ ಮಾಡುವುದು. ಈ ಊರಿನವನೇ ಆದ ಜಾನ್ ಎತಿಯೆನ್ ಆಸ್ತಿಯೇ 18ನೇ ಶತಮಾನದ ಕೊನೆಗೆ ಇಲ್ಲಿ ಈ ಕೆಲಸವನ್ನು ಉದ್ಯಮವಾಗಿ ಬೆಳೆಸಿದ. ಮುಂದೆ ಕೃತಕ ಬಣ್ಣಗಳು ಬಂದವು, ತೊಟ್ಟಿಗಳು ಒಂದೊಂದಾಗಿ ಒಣಗಿದವು.

ಅಲ್ಲಿನ ಹುಡುಗಿಯೊಬ್ಬಳು ಉದ್ದ ಹಿಡಿಯ ಕಬ್ಬಿಣದ ಸೌಟಿನಲ್ಲಿ ಒಂದಿಷ್ಟು ಹಳದಿ ಪುಡಿ ಹಾಕಿ ಉರಿಯ ಮೇಲೆ ಹಿಡಿದಳು. ಮೊದಲು ಏನೂ ಆಗಲಿಲ್ಲ. ಆಮೇಲೆ ಸೌಟಿನ ಅಂಚಿನಲ್ಲಿ, ಎಲ್ಲಿ ಪುಡಿ ತೆಳುವಾಗಿತ್ತೋ ಅಲ್ಲಿ, ಒಂದು ಕಿತ್ತಳೆ ಗೆರೆ ಮೂಡಿತು. ಗೆರೆ ಒಳಗೊಳಗೆ ಸರಿಯಿತು. ಅವಳು ಕಡ್ಡಿಯಿಂದ ಒಮ್ಮೆ ಕೆದಕಿದಾಗ ತಳದಿಂದ ಇಟ್ಟಿಗೆಗೆಂಪು ಮೇಲೆ ಬಂದು ಹಳದಿಯನ್ನು ನುಂಗಿಹಾಕಿತು. ಹೊರಗಿನಿಂದ ಅವಳು ಸೇರಿಸಿದ್ದು ಏನೂ ಇಲ್ಲ. ಹಳದಿ ಮಣ್ಣಿನಲ್ಲಿರುವ ಗೋಯಥೈಟ್ ಎಂಬ ಕಬ್ಬಿಣದ ಖನಿಜ ತನ್ನೊಳಗಿನ ನೀರಿನಂಶ ಕಳೆದುಕೊಂಡು ಹೆಮಟೈಟ್ ಆಗುತ್ತದೆ, ಅಷ್ಟೆ. ಹೂಕುಂಡ, ಹೆಂಚು, ಇಟ್ಟಿಗೆ ಸುಟ್ಟಾಗ ಕೆಂಪಾಗುವುದರ ಹಿಂದೆಯೂ ಈ ಕಬ್ಬಿಣವೇ ಇದೆ. ದಿನವೂ ಕಣ್ಣಿಗೆ ಬೀಳುವ ಹೂಕುಂಡದ ಬಣ್ಣ ಎಲ್ಲಿಂದ ಬಂತು ಎಂದು ನಾನು ಕೇಳಿಕೊಂಡಿರಲೇ ಇಲ್ಲ. ನಮ್ಮ ಭಾಷೆಯೂ ಕಾವಿ ಎಂಬ ಹೆಸರನ್ನು ಸುಟ್ಟ ಕೆಂಪಿಗೇ ಕೊಟ್ಟಿದೆ, 'ಹಳದಿ ಕಾವಿ' ಎಂದರೆ ಕಿವಿಗೆ ತಪ್ಪಾಗಿ ಕೇಳುತ್ತದೆ. ಕಣ್ಣೆದುರಿಗೇ ಒಂದು ಇನ್ನೊಂದಾಗಿತ್ತು.

ನಾನು ಉತ್ಸಾಹದಿಂದ ತಮ್ಮನಿಗೆ ವರದಿ ಒಪ್ಪಿಸುತ್ತಿದ್ದೆ: ಈಗ ಹಳದಿ, ಈಗ ಕಿತ್ತಳೆ, ಈಗ ಕೆಂಪು. ಅವನು ಸ್ವಲ್ಪ ಹೊತ್ತು ಕೇಳಿ, "ಹೆಸರು ಹೇಳಬೇಡ ಅಕ್ಕ, ಹೆಸರುಗಳೆಲ್ಲ ನನಗೂ ಗೊತ್ತು" ಎಂದ. ಮುನಿಸಿನಿಂದ ಹೇಳಿದ್ದಲ್ಲ. ಸೌಟಿನಿಂದ ಕಣ್ಣನ್ನೂ ತೆಗೆಯಲಿಲ್ಲ. ನಾನು ಬಾಯಿ ಮುಚ್ಚಿಕೊಂಡೆ, ಸಂಜೆಯವರೆಗೂ ಕಷ್ಟಪಟ್ಟು.

ಪಕ್ಕದ ಕೋಣೆಯ ಕಪಾಟಿನಲ್ಲಿ ಬಣ್ಣದ ಪುಡಿ ತುಂಬಿದ ಗಾಜಿನ ಜಾಡಿಗಳು ಸಾಲಾಗಿದ್ದವು. ತಿಳಿಹಳದಿಯಿಂದ ಕಡುಗಂದಿನವರೆಗೆ. ತಮ್ಮ ಹಳದಿಗಳ ಸಾಲಿನ ಮುಂದೆ ನಿಂತು, "ಇದು ಬೇರೆ, ಅದು ಬೇರೆ" ಎಂದು ಎರಡು ಜಾಡಿಗಳನ್ನು ತೋರಿಸಿದ. ನನ್ನ ಕಣ್ಣಿಗೆ ಎರಡೂ ಒಂದೇ ಡಬ್ಬಿಯಿಂದ ತುಂಬಿದಂತಿದ್ದವು. ಬಗ್ಗಿ ಚೀಟಿ ಓದಿದೆ, ಹೆಸರು ಬೇರೆ ಬೇರೆ ಇತ್ತು. ಅವನು ಓದಿಕೊಂಡು ಹೇಳಿರಬಹುದು ಎಂಬ ಗುಮಾನಿ ಬಂತು, ಒಪ್ಪಿಕೊಳ್ಳುತ್ತೇನೆ. ಆದರೆ ಅವನ ಕನ್ನಡಕ ಕಾರಿನಲ್ಲೇ ಇತ್ತು. ಅವನಂಥ ಕಣ್ಣಿನ ಒಂದು ಬಗೆಯವರು ಕಾಕಿಯಂಥ ಬಣ್ಣಗಳ ನಡುವೆ ಉಳಿದವರಿಗೆ ಕಾಣದ ವ್ಯತ್ಯಾಸ ಗುರುತಿಸಬಲ್ಲರು ಎಂದು ಇಂಗ್ಲೆಂಡಿನ ಸಂಶೋಧಕರು 2005ರಲ್ಲಿ ತೋರಿಸಿದ್ದನ್ನು ಆಮೇಲೆ ಓದಿದೆ. ಅಷ್ಟು ವರ್ಷ ಅವನಿಗೆ ಅಂಗಿ ಆರಿಸಿಕೊಟ್ಟವಳು ನಾನು.

ಮರುದಿನ ಬಿಸಿಲು. ಗೇಟು ತೆರೆದಿತ್ತು. ಬಿಳಿ ಬಟ್ಟೆ ಹಾಕಿಕೊಂಡು ಹೋಗಬೇಡಿ ಎಂದು ಎಲ್ಲರೂ ಹೇಳುತ್ತಾರೆ. ಬಟ್ಟೆ ಕಪ್ಪಿನದೇ ಹಾಕಿದ್ದೆ, ಕಾಲುಚೀಲ ಬಿಳಿಯದೆಂಬುದು ನೆನಪಾಗಿರಲಿಲ್ಲ. ಮಣ್ಣನ್ನು ಹೊತ್ತುಕೊಂಡು ಹೋಗುವಂತಿಲ್ಲ ಎಂಬ ನಿಯಮವೂ ಇದೆ. ಬೂಟಿಗೆ ಮೆತ್ತಿಕೊಂಡದ್ದರ ಬಗ್ಗೆ ಯಾರೂ ಏನೂ ಹೇಳುವುದಿಲ್ಲ. ಮೆಟ್ಟಿಲಿಳಿದರೆ ಎರಡೂ ಕಡೆ ಎದ್ದು ನಿಂತ ಗೋಡೆಗಳು, ತುದಿಯಲ್ಲಿ ಪೈನ್ ಮರಗಳು, ಮೇಲೆ ತೊಳೆದಿಟ್ಟ ನೀಲಿ. ಆ ಕೆಂಪಿನ ಬಗ್ಗೆ ಒಂದು ದಂತಕಥೆ ಇದೆ: ಊರಿನ ಒಡೆಯ ಹೆಂಡತಿಯ ಪ್ರಿಯಕರನನ್ನು ಕೊಂದು ಅವನ ಹೃದಯವನ್ನು ಅವಳಿಗೇ ಅಡುಗೆ ಮಾಡಿ ಬಡಿಸಿದನಂತೆ, ವಿಷಯ ತಿಳಿದ ಅವಳು ಬಂಡೆಯಿಂದ ಹಾರಿದಳಂತೆ, ಆ ರಕ್ತ ಮಣ್ಣಿಗೆ ಇಳಿಯಿತಂತೆ. ಭೂವಿಜ್ಞಾನ ಹೇಳುವ ಕಥೆ ನನಗೆ ಇದಕ್ಕಿಂತ ಹೆಚ್ಚು ಹಿಡಿಸಿತು. ಸುಮಾರು ಹತ್ತು ಕೋಟಿ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿತ್ತು. ಅದರ ತಳದಲ್ಲಿ ಕೂತ ಮರಳಿನಲ್ಲಿ ಗ್ಲಾಕೊನೈಟ್ ಎಂಬ ಖನಿಜವಿತ್ತು, ಅದರ ಬಣ್ಣ ಹಸಿರು. ಸಮುದ್ರ ಹಿಂದೆ ಸರಿದ ಮೇಲೆ ಬೆಚ್ಚಗಿನ ಹವೆಯಲ್ಲಿ ಸುರಿದ ಮಳೆ ಆ ಖನಿಜವನ್ನು ಕರಗಿಸಿ ಒಡೆಯಿತು. ಹೊರಬಂದ ಕಬ್ಬಿಣ ಹಳದಿಯಾಗಿ, ಕೆಂಪಾಗಿ ನಿಂತಿತು. ಇಷ್ಟು ಕೆಂಪಿನ ಮೂಲದಲ್ಲಿ ಹಸಿರು ಇತ್ತು.

ಇದನ್ನು ಓದಿ ಹೇಳಿದಾಗ ತಮ್ಮ ಬಿದ್ದು ಬಿದ್ದು ನಕ್ಕ. "ಹಾಗಾದರೆ ನನ್ನ ಕಣ್ಣಿಗೆ ಏನೂ ಆಗಿಲ್ಲ ಅಕ್ಕ, ಹತ್ತು ಕೋಟಿ ವರ್ಷ ಹಿಂದೆ ಉಳಿದಿದೆ, ಅಷ್ಟೆ!"

ಅವನು ನಡೆಯುವ ರೀತಿ ಬೇರೆ. ನಾನು ಫೋಟೊ ತೆಗೆಯುತ್ತ ಮುಂದೆ ಮುಂದೆ ಹೋದರೆ ಅವನು ಗೋಡೆಯ ಬುಡದಲ್ಲಿ ನಿಂತುಬಿಡುತ್ತಿದ್ದ. ಹಿಂದಿನ ದಿನದ ಮಳೆ ಕೊರೆದ ಗೀರುಗಳು, ಒದ್ದೆ ಇರುವಲ್ಲಿ ಗಾಢ, ಒಣಗಿದಲ್ಲಿ ಪುಡಿಪುಡಿ. ಮಣ್ಣು ಒಣಗುತ್ತಿರುವ ಅಂಚು ನಿಧಾನವಾಗಿ ಮೇಲಿನಿಂದ ಕೆಳಗೆ ಇಳಿಯುತ್ತಿದ್ದುದನ್ನು ಅವನು ತೋರಿಸಿದ ಮೇಲೆ ನಾನೂ ನೋಡಿದೆ. ಒಂದು ಗಂಟೆಯೊಳಗೆ ಮುಗಿಯುವ ದಾರಿಯಲ್ಲಿ ಎರಡೂವರೆ ಗಂಟೆ ಇದ್ದೆವು.

ಊರೊಳಗಿನ ಮನೆಗಳಿಗೂ ಇದೇ ಮಣ್ಣಿನ ಗಾರೆ. ಯಾವ ಎರಡು ಗೋಡೆಗಳೂ ಒಂದೇ ಬಣ್ಣದವಲ್ಲ, ಯಾವುದೂ ಪಕ್ಕದ್ದರ ಜೊತೆ ಜಗಳಕ್ಕೂ ನಿಂತಿಲ್ಲ. ಒಂದು ಓಣಿಯಲ್ಲಿ ಮಹಡಿಯ ಕಿಟಕಿಯಿಂದ ಹಗ್ಗ ಎಳೆದು ಬಟ್ಟೆ ಒಣಹಾಕಿದ್ದರು: ಮಗುವಿನ ಮಳೆಯಂಗಿ, ಎರಡು ದಿಂಬಿನ ಚೀಲ, ಒಂದು ಟವೆಲ್. ಟವೆಲ್ ಸೊಗಸಾದ ನಸುನೀಲಿ. ಮುಷ್ಟಿಯನ್ನು ಕೊಳವೆಯಂತೆ ಸುತ್ತಿ ಒಂದು ಕಣ್ಣಿಗೆ ಹಿಡಿದು, ಗೋಡೆ ಮರೆಯಾಗುವಂತೆ ನೋಡಿದೆ. ನೀಲಿ ಎಲ್ಲಿ ಬಂತು, ಬಳಸಿ ಬಳಸಿ ಸವೆದ ಬೂದು ಟವೆಲ್ ಅದು. ಕೈ ತೆಗೆದೆ, ಮತ್ತೆ ನೀಲಿ. ಪ್ಯಾರಿಸ್ಸಿನ ಗೊಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನ ವಿಜ್ಞಾನಿ ಮಿಶೆಲ್ ಶೆವ್ರಲ್‌ಗೆ ಕಪ್ಪು ದಾರದ ಬಣ್ಣ ಸರಿಯಾಗಿ ಕೂತಿಲ್ಲ ಎಂಬ ದೂರು ಬಂದಿತ್ತು. ದಾರದಲ್ಲಿ ದೋಷವಿರಲಿಲ್ಲ, ಅದರ ಪಕ್ಕ ನೇಯ್ದಿದ್ದ ಬೇರೆ ಬಣ್ಣಗಳು ಅದನ್ನು ಹಾಗೆ ತೋರಿಸುತ್ತಿದ್ದವು. 1839ರಲ್ಲಿ ಅವನು ಇದನ್ನೆಲ್ಲ ವಿವರವಾಗಿ ಬರೆದು ಪ್ರಕಟಿಸಿದ. ಕಿತ್ತಳೆಯ ಪಕ್ಕ ಕೂತ ಬೂದು ನೀಲಿಯ ಕಡೆಗೆ ವಾಲುತ್ತದೆ. ಟವೆಲಿನ ಒಡೆಯರಿಗೆ ಇದು ಗೊತ್ತಿತ್ತೋ ಇಲ್ಲವೋ, ಮುಷ್ಟಿಯ ಕೊಳವೆಯಲ್ಲಿ ತಮ್ಮ ಬಟ್ಟೆ ನೋಡುತ್ತಿದ್ದ ನನ್ನನ್ನು ಕಿಟಕಿಯಿಂದ ಒಬ್ಬರು ನೋಡಿದ್ದಂತೂ ನಿಜ.

ಸಂಜೆ ಊರ ಚೌಕದ ಕಟ್ಟೆಯ ಮೇಲೆ ಕೂತೆವು. ಎದುರು ಮನೆಯ ಗೋಡೆ ಕೆಂಪು, ಕಿಟಕಿಯ ಬಾಗಿಲು ಮಾಸಲು ನೀಲಿ, ಕಟಾಂಜನದಲ್ಲಿ ಕೆಂಪು ಜಿರೇನಿಯಂ ಹೂಗಳು. ಸೂರ್ಯ ಮುಳುಗುವಾಗ ಗೋಡೆ ಕೆಂಡದಂತೆ ಉರಿಯಿತು, ಫೋಟೊ ತೆಗೆಯುವವರೆಲ್ಲ ತೆಗೆದುಕೊಂಡು ಎದ್ದು ಹೋದರು. ನಿಜವಾದ ಆಟ ಶುರುವಾದದ್ದು ಆಮೇಲೆ. ಬೆಳಕು ಇಳಿದಂತೆ ಹೂಗಳು ಕಪ್ಪಾದವು, ಗೋಡೆ ಕಪ್ಪಾಯಿತು. ಹಗಲೆಲ್ಲ ಮಂಕಾಗಿದ್ದ ನೀಲಿ ಬಾಗಿಲು ಮಾತ್ರ ಒಳಗೆ ದೀಪವಿಟ್ಟಂತೆ ಎದ್ದು ಕಂಡಿತು. ಕತ್ತಲಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳಿಗೆ ಕೆಂಪು ಬಹುತೇಕ ಕಾಣುವುದಿಲ್ಲ, ನೀಲಿ ಹಸಿರುಗಳ ಕಡೆಗೇ ಅವುಗಳ ಒಲವು. ಬೆಳಗಿನ ಮಬ್ಬಿನಲ್ಲಿ ಹೂಗಳ ಬಣ್ಣ ಬದಲಾಗುವುದನ್ನು ಗಮನಿಸಿದ ಯಾನ್ ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿಯ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ. ನಾನು ಹೆಸರು ಹೇಳಲಿಲ್ಲ. ಆ ಹೊತ್ತಿನಲ್ಲಿ, ಆ ಕಟ್ಟೆಯ ಮೇಲೆ, ನನ್ನ ಕಣ್ಣೂ ಅವನ ಕಣ್ಣೂ ಹೆಚ್ಚುಕಡಿಮೆ ಒಂದೇ ಆಗಿದ್ದವು.

ಕೋಣೆಗೆ ಬಂದು ಬೂಟು ಬಿಚ್ಚಿದರೆ ಬಿಳಿ ಕಾಲುಚೀಲ ಹಿಮ್ಮಡಿಯಿಂದ ಗಂಟಿನವರೆಗೆ ಬಣ್ಣ ಕುಡಿದಿತ್ತು. ಬೇಸಿನ್ನಿಗೆ ನೀರು ಬಿಟ್ಟು ನೆನೆಹಾಕಿ ಮಲಗಿದೆ. ಬೆಳಿಗ್ಗೆ ಕಾಲುಚೀಲ ಮೆಲ್ಲನೆ ಎತ್ತಿ ಹಿಂಡಿದೆ, ಕಲೆ ಅಲ್ಲೇ ಇತ್ತು, ಇವತ್ತಿಗೂ ಇದೆ. ನೀರು ಚೆಲ್ಲಲು ಕೈಹಾಕಿದಾಗ ಹಲ್ಲುಜ್ಜುತ್ತ ಬಂದ ತಮ್ಮ, "ತಡಿ" ಎಂದು ಬೇಸಿನ್ನಿನ ಮೇಲೆ ಬಗ್ಗಿದ.

"ಅಡಿಯಲ್ಲಿ ಮರಳು ಕೂತಿದೆ ನೋಡು. ಅದರ ಮೇಲೆ ಎರಡು ಪದರ."

ನನಗೆ ಕಂಡದ್ದು ಒಂದೇ. ಬ್ರಷ್ಷಿನ ಹಿಡಿಯಿಂದ ಅವನು ನೀರಿನ ಮೇಲೆ ಗೆರೆ ಎಳೆದು ತೋರಿಸುತ್ತಿದ್ದ, ಇಲ್ಲಿಂದ ಇಲ್ಲಿಗೆ ಒಂದು, ಇಲ್ಲಿಂದ ಮೇಲೆ ಇನ್ನೊಂದು.